ಯಾವುದೂ ಹಾಳಾಗದಂತೆ: ಬೋರ್ಡಿಂಗ್ ಮನೆಯ ಕಸ

ಪೂಜ್ಯ ಗುರುಗಳೇ, ಸಿಸ್ಟರ್‌ಗಳೇ, ಬಳ್ಳಾರಿ, ರಾಯಚೂರು, ಕೊಪ್ಪಳದ ಬೋರ್ಡಿಂಗ್‌ಗಳಿಂದ ಬಂದಿರುವ ವಾರ್ಡನ್‌ಗಳೇ, ಮುಖ್ಯವಾಗಿ ಅಡುಗೆ ಮನೆಯ ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ನಮಸ್ಕಾರ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸವನ್ನು ಈ ಊರಿನಲ್ಲೇ ಕೈಗೆತ್ತಿಕೊಂಡರು. ಅದೇ ಬೈಬಲ್‌ನ ಯೋಹಾನನ ಸುವಾರ್ತೆಯ ಆರನೇ ಅಧ್ಯಾಯ ನಿಮಗೆಲ್ಲ ಗೊತ್ತು. ಐದು ರೊಟ್ಟಿ, ಎರಡು ಮೀನು, ಐದು ಸಾವಿರ ಜನ. ಅದ್ಭುತದ ಬಗ್ಗೆ ಸಾಕಷ್ಟು ಪ್ರಸಂಗ ಕೇಳಿದ್ದೀರಿ. ಊಟವಾದ ಮೇಲೆ ನಡೆದದ್ದನ್ನು ಸ್ವಲ್ಪ ನೋಡಿ. ಉಳಿದ ತುಂಡುಗಳನ್ನು ಕೂಡಿಸಿರಿ, ಯಾವುದೂ ಹಾಳಾಗಬಾರದು ಎಂದು ಯೇಸು ಹೇಳಿದ್ದು ತನ್ನ ಶಿಷ್ಯರಿಗೇ. ಆಳುಗಳನ್ನು ಕರೆಯಲಿಲ್ಲ, ನಾಳೆಗೆ ಬಿಡಲಿಲ್ಲ. ಊಟ ಮಾಡಿದ ಜಾಗದಲ್ಲೇ, ಮಣ್ಣಿನಲ್ಲಿ ಕಲಸಿಹೋಗುವ ಮೊದಲೇ, ಶಿಷ್ಯರ ಕೈಯಿಂದಲೇ ಹನ್ನೆರಡು ಪುಟ್ಟಿ ತುಂಬಿದವು. ಕಸದ ಕೆಲಸದ ಮುಕ್ಕಾಲು ಪಾಲು ಈ ಮಾತಿನಲ್ಲೇ ಇದೆ. ಬೆರೆಯುವ ಮೊದಲು ಬೇರೆ ಇಡಬೇಕು, ಉಂಡವರೇ ಬೇರೆ ಇಡಬೇಕು.

ಒಮ್ಮೆ ಬೆರೆತರೆ ಏನಾಗುತ್ತದೆ? ಸಾರು ತಾಗಿದ ರಟ್ಟು ಗುಜರಿ ಅಂಗಡಿಗೆ ಬೇಡ. ಬ್ಲೇಡು ಸೇರಿದ ಅನ್ನ ಗೊಬ್ಬರಕ್ಕೂ ಬೇಡ, ದನಕ್ಕೂ ಬೇಡ. ಅದನ್ನು ಮತ್ತೆ ಬಿಡಿಸಬೇಕಾದದ್ದು ಪೌರಕಾರ್ಮಿಕರ ಕೈ. ಈ ಕೆಲಸವನ್ನು ತಲೆಮಾರುಗಳಿಂದ ಒಂದೇ ಕೇರಿಯ ಜನರ ಮೇಲೆ ಹೊರಿಸಿದ ಊರುಗಳು ನಮ್ಮವು. ಆ ಕೇರಿಗಳಿಂದಲೇ ಬಂದ ಎಷ್ಟೋ ಮಕ್ಕಳು ನಮ್ಮ ಬೋರ್ಡಿಂಗ್‌ಗಳಲ್ಲಿ ಓದುತ್ತಿದ್ದಾರೆ. ಹಾಗಿರುವಾಗ ಕ್ರೈಸ್ತ ಮನೆಯೊಂದು ಕಲಸಿದ ಕಸದ ಚೀಲವನ್ನು ಗೇಟಿನ ಹೊರಗಿಡುವುದು ಸಣ್ಣ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಿಯೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ಕಾನೂನು ಹೇಳದಿದ್ದರೂ ನಾವು ಮಾಡಬೇಕಾದ ಕೆಲಸ ಇದು.

ಮೊದಲು ತೂಕ. ಒಂದು ವಾರ, ದಿನಕ್ಕೆ ಮೂರು ಹೊತ್ತು, ಹಸಿ ಕಸವನ್ನು ತಕ್ಕಡಿಗೆ ಹಾಕಿ ಗೋಡೆಯ ಹಾಳೆಯಲ್ಲಿ ಬರೆಯಿರಿ. ತರಕಾರಿ ಸಿಪ್ಪೆ ಬೇರೆ, ತಟ್ಟೆಯಲ್ಲಿ ಬಿಟ್ಟ ಅನ್ನ ಬೇರೆ. ತಟ್ಟೆಯ ಅನ್ನವೇ ಹೆಚ್ಚಿದ್ದರೆ ಗೊಬ್ಬರದ ಮಾತು ಆಮೇಲೆ, ಮೊದಲು ಬಡಿಸುವ ಸೌಟು ಚಿಕ್ಕದಾಗಲಿ. ಎರಡನೇ ಸಲ ಕೇಳಿದರೆ ಬೇಸರವಿಲ್ಲದೆ ಬಡಿಸುತ್ತಾರೆ ಎಂಬ ನಂಬಿಕೆ ಮಕ್ಕಳಿಗೆ ಬಂದರೆ, ಮೊದಲ ಸಲವೇ ರಾಶಿ ಹಾಕಿಸಿಕೊಳ್ಳುವುದಿಲ್ಲ.

ಲೆಕ್ಕಕ್ಕೆ 130 ಜನರ ಬೋರ್ಡಿಂಗ್ ಇಟ್ಟುಕೊಳ್ಳೋಣ. ತಲೆಗೆ 150 ಗ್ರಾಂ ಎಂದರೂ ದಿನಕ್ಕೆ ಸುಮಾರು 20 ಕೆಜಿ ಹಸಿ ಕಸ, ಅಳತೆಯಲ್ಲಿ ಸುಮಾರು 40 ಲೀಟರ್. ಇದನ್ನು ಗೊಬ್ಬರ ಮಾಡಲು ಗುಂಡಿ ತೆಗೆಯಬೇಡಿ. ನಮ್ಮ ಎರೆ ನೆಲದಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನಲ್ಲಿ, ಗುಂಡಿ ತೆಗೆದರೆ ಮಳೆಗಾಲದಲ್ಲಿ ನೀರು ಇಂಗದೆ ನಿಂತು, ಗಾಳಿ ಸಿಗದೆ ಕಸ ಕೊಳೆತು ನಾರುತ್ತದೆ. ಇಟ್ಟಿಗೆ ತೊಟ್ಟಿ ಕಟ್ಟಿದರೂ ಎರೆ ಮಣ್ಣು ಉಬ್ಬಿ, ಕುಗ್ಗಿ, ಗೋಡೆ ಸೀಳುತ್ತದೆ. ಕಡಿಮೆ ಖರ್ಚಿನದು ತಂತಿ ಜಾಲರಿ. 4 ಅಡಿ ಎತ್ತರದ ಜಾಲರಿಯನ್ನು 11 ಅಡಿ ಉದ್ದ ಕತ್ತರಿಸಿ, ದುಂಡಗೆ ಸುತ್ತಿ ತಂತಿಯಿಂದ ಬಿಗಿದರೆ ಸುಮಾರು 1 ಮೀಟರ್ ಅಗಲದ ಬುಟ್ಟಿ ಆಗುತ್ತದೆ. ಒಂದು ಘನ ಮೀಟರ್‌ಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದಾದರೆ ಒಳಗೆ ಕಾವು ನಿಲ್ಲುವುದಿಲ್ಲ. ಬೇವಿನ ಮರದ ನೆರಳಲ್ಲಿ, ಬಿಡಿ ಇಟ್ಟಿಗೆ ಹರಡಿದ ಎತ್ತರದ ಜಾಗದಲ್ಲಿ, ಇಂಥ ಐದನ್ನು ಸಾಲಾಗಿ ನಿಲ್ಲಿಸಿ. ಒಂದು ತುಂಬಲು ಸುಮಾರು 15 ದಿನ ಬೇಕು. ಐದನೆಯದು ತುಂಬುವ ಹೊತ್ತಿಗೆ ಮೊದಲನೆಯದಕ್ಕೆ 60 ದಿನ ಆಗಿರುತ್ತದೆ.

ಬುಟ್ಟಿಯ ತಳಕ್ಕೆ ಅರ್ಧ ಅಡಿ ತೊಗರಿ ಕಟ್ಟಿಗೆ ಅಥವಾ ಹತ್ತಿ ಕಟ್ಟಿಗೆಯನ್ನು ಅಡ್ಡಾದಿಡ್ಡಿ ಹಾಕಿ. ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಮೇಲೆ ಒಂದು ಪುಟ್ಟಿ ಹಸಿ ಕಸಕ್ಕೆ ಎರಡು ಪುಟ್ಟಿ ಒಣ ಎಲೆ. ಇಂಗಾಲ 25ರಿಂದ 30 ಪಾಲು, ಸಾರಜನಕ ಒಂದು ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅಡುಗೆ ಮನೆಯ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆ ಅದನ್ನು ಸರಿದೂಗಿಸುತ್ತದೆ. ಅನ್ನವನ್ನು ಮುದ್ದೆಯಾಗಿ ಹಾಕಬೇಡಿ, ಮುದ್ದೆಯೊಳಗೆ ಗಾಳಿ ಹೋಗುವುದಿಲ್ಲ. ಸಾರು ಸೋಸಿ, ಅನ್ನವನ್ನು ಒಣ ಎಲೆಯ ಜೊತೆ ಕೈಯಲ್ಲಿ ಉದುರಿಸಿ ಹಾಕಿ. ಭಾನುವಾರದ ಕೋಳಿ ಮೂಳೆಯನ್ನು ರಾಶಿಯ ನಡುವೆ, ಒಂದೂವರೆ ಅಡಿ ಆಳದಲ್ಲಿ ಮುಚ್ಚದಿದ್ದರೆ ರಾತ್ರಿ ನಾಯಿ ಕೆದರುತ್ತದೆ. ಪ್ರತಿ ದಿನ ಕೊನೆಗೆ ಎರಡು ಅಂಗುಲ ಒಣ ಎಲೆ ಮುಚ್ಚಿಗೆ. ಶುರುವಿನಲ್ಲಿ 5 ಕೆಜಿ ಸಗಣಿಯನ್ನು 10 ಲೀಟರ್ ನೀರಿಗೆ ಕದಡಿ ಚಿಮುಕಿಸಿದರೆ ಸಾಕು, ಅಂಗಡಿಯ ಪುಡಿ ಬೇಕಿಲ್ಲ.

ಬೋರ್ಡಿಂಗ್‌ಗಳಲ್ಲಿ ಗೊಬ್ಬರದ ಕೆಲಸ ನಿಲ್ಲುವುದು ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ. ಕಾರಣ ಒಂದೇ: ಒಣ ಎಲೆ ಮುಗಿದಿರುತ್ತದೆ. ಮೇಲಿನ ಲೆಕ್ಕದಂತೆ ದಿನಕ್ಕೆ ಹತ್ತಿರ ಹತ್ತಿರ ಒಂದು ಗೋಣಿ ಚೀಲ ಎಲೆ ಬೇಕು. ಬೇವು ಎಲೆ ಉದುರಿಸುವುದು ಚಳಿ ಮುಗಿದು ಬಿಸಿಲು ಏರುವ ದಿನಗಳಲ್ಲಿ. ಆಗ ಅಂಗಳ ಗುಡಿಸಿ ಬೆಂಕಿ ಹಚ್ಚುತ್ತೇವೆ. ಆರು ತಿಂಗಳ ನಂತರ ಬೇಕಾಗುವುದನ್ನೇ ಸುಡುತ್ತಿದ್ದೇವೆ, ಜೊತೆಗೆ ಅದರಲ್ಲಿ ಸೇರಿದ ಪ್ಲಾಸ್ಟಿಕ್‌ನ ವಿಷದ ಹೊಗೆ ಮಕ್ಕಳ ಕೋಣೆಗೇ ನುಗ್ಗುತ್ತದೆ. ಅಂಗಳದ ಬೆಂಕಿಯನ್ನು ಇವತ್ತೇ ನಿಲ್ಲಿಸಿ. ಎಲೆಯನ್ನು ತುಳಿದು ಪುಡಿ ಮಾಡಿ ಚೀಲಕ್ಕೆ ತುಂಬಿ, ಮಳೆ ತಾಗದ ಕಡೆ ಇಡಿ. ಸಾಲದಿದ್ದರೆ ಶೇಂಗಾ ಹೊಟ್ಟು ತನ್ನಿ, ಅಥವಾ ಭತ್ತದ ಹುಲ್ಲನ್ನು ಗೇಣುದ್ದ ಕತ್ತರಿಸಿ ಹಾಕಿ. ಗಂಗಾವತಿ ಕಡೆಯವರಿಗೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ. ಆದರೆ ಅದರಲ್ಲಿ ಸಿಲಿಕಾ ಹೆಚ್ಚು, ನೀರು ಹೀರುವುದಿಲ್ಲ, ಬೇಗ ಕೊಳೆಯುವುದಿಲ್ಲ. ಕಾಲು ಪಾಲು ಬೆರೆಸಬಹುದು, ಅದೊಂದನ್ನೇ ನಂಬಬೇಡಿ.

ಇನ್ನು ನೀರು. ಬೆಂಗಳೂರಿನ ಪುಸ್ತಕಗಳು ರಾಶಿ ಒದ್ದೆಯಾಗುವ ಬಗ್ಗೆ ಎಚ್ಚರಿಸುತ್ತವೆ. ನಮ್ಮಲ್ಲಿ ವರ್ಷದ ಬಹುಪಾಲು ಅದರ ಉಲ್ಟಾ, ರಾಶಿ ಒಣಗಿ ಸಾಯುತ್ತದೆ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಏನೂ ಕಾಣದಿದ್ದರೆ ಒಂದು ಬುಟ್ಟಿಗೆ 10ರಿಂದ 15 ಲೀಟರ್ ನೀರನ್ನು ತಿರುವಿ ಹಾಕುತ್ತಲೇ ಚಿಮುಕಿಸಿ. ಮೇಲಿಂದ ಸುರಿದರೆ ಬದಿಯಲ್ಲಿ ಇಳಿದುಹೋಗುತ್ತದೆ. ನಡುವೆ ಬೂದಿಯಂಥ ಬಿಳಿ ಪುಡಿ, ಇರುವೆ ಸಾಲು ಕಂಡರೆ ಒಳಗೆ ಒಣಗಿದೆ ಎಂದರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿದೆ. ಮೂಗಿಗೆ ಚುರುಕೆನ್ನುವ ಅಮೋನಿಯಾ ಬಂದರೆ ಒಣ ಎಲೆ ಕಡಿಮೆಯಾಗಿದೆ. ಬಿಸಿಗಾಳಿ ತಡೆಯಲು ಜಾಲರಿಯ ಸುತ್ತ ಒದ್ದೆ ಗೋಣಿ ತಟ್ಟು ಕಟ್ಟಿ. ಪ್ಲಾಸ್ಟಿಕ್ ಸಿಮೆಂಟ್ ಚೀಲ ಕಟ್ಟಬೇಡಿ, ಬಿಸಿಲಿಗೆ ಎಳೆ ಎಳೆಯಾಗಿ ಉದುರಿ ಗೊಬ್ಬರಕ್ಕೆ ಸೇರುತ್ತದೆ. ಕಾವು ನೋಡಲು ಕಬ್ಬಿಣದ ಸರಳನ್ನು ನಡುವೆ ಚುಚ್ಚಿ ಐದು ನಿಮಿಷ ಬಿಟ್ಟು ಮುಟ್ಟಿ. ಹಿಡಿಯಲಾಗದಷ್ಟು ಬಿಸಿ ಇದ್ದರೆ ಕೆಲಸ ನಡೆದಿದೆ. ವಾರಕ್ಕೊಮ್ಮೆ ತಿರುವಿ.

ದನ ಸಾಕಿರುವ ಮನೆಗಳಿಗೆ ಒಂದು ಎಚ್ಚರಿಕೆ. ದಿನದ ಮುಸುರೆ ಸ್ವಲ್ಪ ಸ್ವಲ್ಪ ಹಾಕುವುದು ಸರಿ. ಆದರೆ ಹಬ್ಬದ ಮರುದಿನ ಉಳಿದ ಅನ್ನವನ್ನೆಲ್ಲ ಒಟ್ಟಿಗೆ ಸುರಿದರೆ ದನದ ಹೊಟ್ಟೆಯಲ್ಲಿ ಆಮ್ಲ ಏರಿ, ಒಂದೇ ದಿನದಲ್ಲಿ ಜೀವಕ್ಕೆ ಅಪಾಯ. ಪ್ರೀತಿಯಿಂದಲೇ ಮಾಡುವ ತಪ್ಪು ಇದು, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಒಣ ಕಸಕ್ಕೆ ನಾಲ್ಕು ಚೀಲ ಸಾಕು: ರದ್ದಿ ಮತ್ತು ರಟ್ಟು, ಗಟ್ಟಿ ಪ್ಲಾಸ್ಟಿಕ್, ಹಾಲಿನ ಪಾಕೀಟು, ತಗಡು ಮತ್ತು ಗಾಜು. ಹಾಲಿನ ಪಾಕೀಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಆ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಮೂಲೆ ಅಂಟಿಕೊಂಡೇ ಇರುವಂತೆ ಸೀಳಿ, ತೊಳೆದು, ಹಗ್ಗದ ಮೇಲೆ ತಲೆಕೆಳಗಾಗಿ ಒಣಗಿಸಿ. ತೊಳೆಯದ ಪಾಕೀಟು ಎರಡೇ ದಿನಕ್ಕೆ ನಾರುತ್ತದೆ, ಗುಜರಿಯವರು ವಾಪಸ್ ಕೊಡುತ್ತಾರೆ. ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ರದ್ದಿಗೂ ಸಲ್ಲದು, ಗೊಬ್ಬರಕ್ಕೂ ಸಲ್ಲದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಭಾನುವಾರದ ಚಹಾಕ್ಕೆ ಸ್ಟೀಲ್ ಲೋಟ ಕೊಂಡುಬಿಡಿ.

ಹೆಣ್ಣುಮಕ್ಕಳ ಬೋರ್ಡಿಂಗ್‌ನಲ್ಲಿ ಪ್ಯಾಡ್‌ಗಳನ್ನು ಹಿತ್ತಲಲ್ಲಿ ಸುಡುವುದು ಬೇಡ. ಅದರಲ್ಲಿರುವುದು ಬಹುಪಾಲು ಪ್ಲಾಸ್ಟಿಕ್. ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿಯೇ ಕೊಡಿ. ಗುರುತು ಕಂಡರೆ ಎತ್ತುವವರು ಬರಿಗೈಯಲ್ಲಿ ಬಿಚ್ಚುವುದಿಲ್ಲ.

ದೇವಾಲಯದ ಕಸಕ್ಕೆ ಬೇರೆಯೇ ಮರ್ಯಾದೆ ಇದೆ. ಗರಿಗಳ ಭಾನುವಾರದ ಗರಿಯನ್ನು ವರ್ಷವಿಡೀ ಇಟ್ಟು, ಸುಟ್ಟು, ಮುಂದಿನ ವಿಭೂತಿ ಬುಧವಾರ ಹಣೆಗೆ ಹಚ್ಚುವ ಸಂಪ್ರದಾಯ ನಮ್ಮದು. ಮತ್ತೆ ಬಳಸುವ ಪಾಠವನ್ನು ಧರ್ಮಸಭೆ ಎಂದೋ ಕಲಿಸಿದೆ. ಆಶೀರ್ವದಿಸಿದ ಪಟ, ಜಪಸರ ಗುಜರಿಗೆ ಹೋಗಬಾರದು. ಕಾಗದವಾದರೆ ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿ, ಪ್ಲಾಸ್ಟಿಕ್ ಮಣಿಯಾದರೆ ಸುಡದೆ ಹೂಳಿ. ಮೇಣದ ತುಂಡುಗಳನ್ನು ನೇರ ಉರಿಗೆ ಇಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ನೀರು ಕಾಯುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹತ್ತಿ ಬತ್ತಿ ಇಟ್ಟು ಎರೆಯಿರಿ. ಕ್ರಿಸ್ಮಸ್ ಗೋದಲಿಗೆ ಥರ್ಮೋಕೋಲ್ ಬದಲು ಜೋಳದ ದಂಟು ಮತ್ತು ಹುಲ್ಲು ಬಳಸಿದರೆ ಜನವರಿಯಲ್ಲಿ ಅದೇ ಗೊಬ್ಬರದ ಒಣ ಪಾಲು. ಮೃತರನ್ನು ಸ್ಮರಿಸುವ ನವೆಂಬರ್ 2ರಂದು ಸಮಾಧಿಗೆ ಪ್ಲಾಸ್ಟಿಕ್ ಹೂವಿನ ಚಕ್ರ ತರಬೇಡಿರೆಂದು ಎರಡು ಭಾನುವಾರ ಮೊದಲೇ ಪ್ರಕಟಿಸಿ.

ಸ್ನಾನದ ನೀರು ಬಾಳೆಗೆ, ಕಾಬಾಳೆಗೆ ಹರಿಯಲಿ. ಬಟ್ಟೆ ಒಗೆದ ನೀರನ್ನು ಮಾತ್ರ ಎರೆ ಹೊಲಕ್ಕೆ ಸತತವಾಗಿ ಬಿಡಬೇಡಿ. ಸಾಬೂನು ಪುಡಿಯ ಸೋಡಿಯಂ ಎರೆಯ ಕಣಗಳನ್ನು ಬಿಡಿಸಿ ನೆಲದ ಬಾಯಿ ಮುಚ್ಚಿಸುತ್ತದೆ, ಆಮೇಲೆ ಮಳೆ ನೀರೂ ಇಂಗುವುದಿಲ್ಲ.

ಈ ಕೆಲಸವನ್ನು ಮಕ್ಕಳಿಗೆ ಶಿಕ್ಷೆಯಾಗಿ ಕೊಡಬೇಡಿ. ತಡವಾಗಿ ಎದ್ದವನು ಕಸ ಎತ್ತಲಿ ಎಂದು ಒಮ್ಮೆ ಹೇಳಿದರೆ ಸಾಕು, ಕಸ ಮುಟ್ಟುವುದು ಅವಮಾನ ಎಂದು ಇಡೀ ಬೋರ್ಡಿಂಗ್ ಕಲಿಯುತ್ತದೆ. ವಾರಕ್ಕೆ ಆರು ಜನರ ಪಾಳಿ ಇರಲಿ, ಆ ಪಾಳಿಯಲ್ಲಿ ವಾರ್ಡನ್‌ರ ಹೆಸರೂ ಇರಲಿ. ಕೈಗವಸು ಕೊಡಿ. ಪ್ಯಾಡ್, ಗಾಜು, ಬ್ಲೇಡು, ಟ್ಯೂಬ್‌ಲೈಟ್ ದೊಡ್ಡವರ ಕೆಲಸ. ಟ್ಯೂಬ್‌ಲೈಟ್‌ನೊಳಗೆ ಪಾದರಸ ಇರುತ್ತದೆ.

ಕೊನೆಯದಾಗಿ ಬೇಸಿಗೆ ರಜೆ. ಮಕ್ಕಳು ಊರಿಗೆ ಹೋದರೆ ಬುಟ್ಟಿಗಳಿಗೆ ಯಾರೂ ಇರುವುದಿಲ್ಲ, 40 ಡಿಗ್ರಿ ದಾಟಿದ ಬಿಸಿಲಿಗೆ ಎಲ್ಲವೂ ಗರಿಗರಿಯಾಗುತ್ತದೆ. ಹೊರಡುವ ಮುನ್ನ ಐದನ್ನೂ ತಿರುವಿ, ಚೆನ್ನಾಗಿ ನೆನೆಸಿ, ಮೇಲೆ ಎರಡು ಪದರ ಗೋಣಿ ಹೊದಿಸಿ. ವಾರಕ್ಕೊಮ್ಮೆ ಒಂದೊಂದಕ್ಕೆ ಒಂದು ಕೊಡ ನೀರು ಹಾಕಲು ಕಾವಲಿನ ಅಣ್ಣನಿಗೆ ಹೇಳಿ. ಜೂನ್‌ನಲ್ಲಿ ಮೊದಲ ಬುಟ್ಟಿಯ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ವಾಸನೆ ಬಂದರೆ ಇನ್ನೂ ಹದಿನೈದು ದಿನ ಬೇಕು, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕಾಲು ಅಂಗುಲದ ಜರಡಿ ಹಿಡಿದು, ನುಗ್ಗೆ, ಪಪ್ಪಾಯಿ ಗಿಡಕ್ಕೆ ಎರಡೆರಡು ಕೆಜಿ ಬುಡಕ್ಕೆ ಹಾಕಿಸಿ.