ಗೊಂಬೆಯ ಪಕ್ಕ ಒಬ್ಬ ಅವ್ವ ಬೇಕು

ನಮಸ್ಕಾರ. ಇವತ್ತಿನ ಮಾತನ್ನು ಒಂದು ಹಿಡಿ ಶೇಂಗಾದಿಂದ ಶುರು ಮಾಡುತ್ತೇನೆ.

ಹೋದ ತಿಂಗಳು ನಾನು, ನನ್ನ ಗೆಳತಿ ಇಬ್ಬರೂ ಗೊಟಗೋಡಿಗೆ ಹೋಗಿದ್ದೆವು. ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲ್ಲೂಕು. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೆದ್ದಾರಿ ಹಿಡಿದರೆ ದಾರಿಯಲ್ಲೇ ಸಿಗುತ್ತದೆ ಉತ್ಸವ್ ರಾಕ್ ಗಾರ್ಡನ್. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಜಾಗ. ಆಳೆತ್ತರದ ಮೂರ್ತಿಗಳಲ್ಲಿ ಒಂದು ಹಳ್ಳಿಯನ್ನೇ ನಿಲ್ಲಿಸಿದ್ದಾರೆ. ಡಾ. ರಾಜ್‌ಕುಮಾರ್ ಅವರ ಸಿನಿಮಾ ಪಾತ್ರಗಳ ಮೂರ್ತಿಗಳೂ ಇವೆ. ಅಲ್ಲಿ ಫೋಟೋ ತೆಗೆಸಿಕೊಳ್ಳುವವರು ಜಾಸ್ತಿ. ನಾವೂ ತೆಗೆಸಿಕೊಂಡೆವು.

ನನ್ನ ಗೆಳತಿ ನವಲಗುಂದದ ಕಡೆಯವಳು. ಎರೆ ಹೊಲದ ಊರು. ಧಾರವಾಡದ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿ ಇದ್ದವರು ನಾವು. ನಾನು ಪೇಟೆಯಲ್ಲಿ ಬೆಳೆದವಳು. ಈಗ ಅವಳು ಹುಬ್ಬಳ್ಳಿಯಲ್ಲಿ ನರ್ಸ್. ಅವಳು ಹೊಲದಲ್ಲಿ ಕೆಲಸ ಮಾಡಿದ್ದಾಳೆ ಅಂತ ನನಗೆ ಗೊತ್ತಿತ್ತು. ಆದರೆ ಏನು ಕೆಲಸ, ಹೇಗೆ ಮಾಡುತ್ತಿದ್ದಳು, ಅದನ್ನು ಒಂದು ದಿನವೂ ಕೇಳಿರಲಿಲ್ಲ ನಾನು.

ಅಲ್ಲಿ ಎತ್ತುಗಳ ಮೂರ್ತಿಗಳ ಮುಂದೆ ಅವಳು ನಿಂತುಬಿಟ್ಟಳು. ನಾನು ಮುಂದೆ ಹೋದೆ, ತಿರುಗಿ ನೋಡಿದೆ, ಅವಳು ಅಲ್ಲೇ ಇದ್ದಾಳೆ. ಒಂದು ಕೈ ಸೆರಗಿನ ಹತ್ತಿರ ಮಡಿಲು ಹಿಡಿದ ಹಾಗೆ. ಇನ್ನೊಂದು ಕೈ ಗಾಳಿಯಲ್ಲಿ ಮೆಲ್ಲಗೆ ಆಡುತ್ತಿದೆ.

"ಏನ್ ಮಾಡ್ತಿದ್ದೀಯೇ?" ಅಂದೆ.

"ಬಿತ್ತಾಕತ್ತೀನಿ" ಅಂದಳು.

ಆಮೇಲೆ ಹೇಳಿದಳು. ಎತ್ತಿನ ಹಿಂದೆ ಕೂರಿಗೆ. ಕೂರಿಗೆಯ ಮೇಲೆ ಮರದ ಬಟ್ಟಲು. ಬಟ್ಟಲಿನ ತಳದಲ್ಲಿ ತೂತು, ಒಂದೊಂದು ತೂತಿಗೆ ಒಂದೊಂದು ನಳಿಗೆ. ಆ ನಳಿಗೆಯಿಂದ ಕಾಳು ಇಳಿದು ನೆಲ ಸೇರುತ್ತದೆ. ಎತ್ತು ಹೊಡೆಯುವವನು ಅಪ್ಪ. ಹಿಂದೆ ನಡೆಯುತ್ತಾ ಬಟ್ಟಲಿಗೆ ಕಾಳು ಬಿಡುವವಳು ಅವ್ವ. ಉಡಿಯಲ್ಲಿ ಬೀಜ ಕಟ್ಟಿಕೊಂಡು ದಿನವಿಡೀ ನಡೆಯಬೇಕು. ಇವಳಿಗೆ ಹತ್ತು ಹನ್ನೊಂದು ವರ್ಷ ಇದ್ದಾಗ ಅವ್ವ ಈ ಕೆಲಸ ಕಲಿಸಿದಳಂತೆ.

"ಮುಷ್ಟಿ ಬಿಗಿ ಹಿಡೀಬಾರ್ದು, ಸಡ್ಲನೂ ಬಿಡಬಾರ್ದು. ಹೆಬ್ಬಟ್ಟಿಲೆ ಕಾಳು ಸರಸಕೊಂತ ಹೋಗಬೇಕು. ಎತ್ತಿನ ಹೆಜ್ಜಿ ಹೆಂಗೋ ಕೈನೂ ಹಂಗ."

ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಬಂದರು. ಟೂರ್ ಬಂದಿದ್ದವರು. ಒಬ್ಬ ಹುಡುಗನ ಕೈಯಲ್ಲಿ ಹುರಿದ ಶೇಂಗಾ ಪೊಟ್ಟಣ. ಇವಳು ಅವನ ಹತ್ತಿರ ಒಂದು ಹಿಡಿ ಇಸಿದುಕೊಂಡಳು. ಕಾಗದದ ಲೋಟ ಒಂದನ್ನು ಅವನ ಕೈಗೆ ಕೊಟ್ಟಳು. "ನೀ ಕೂರಿಗಿ. ಮುಂದ ನಡಿ. ನಾ ಹಿಂದ ಬರ್ತೀನಿ" ಅಂದಳು. ಅವನು ನಡೆದ. ಇವಳು ಹಿಂದೆ ಬಾಗಿ ನಡೆಯುತ್ತಾ ಒಂದೊಂದೇ ಕಾಳು ಲೋಟಕ್ಕೆ ಬಿಟ್ಟಳು. ಟಕ್, ಟಕ್, ಟಕ್. ಒಂದೇ ಲಯ. ಗಡಿಯಾರದ ಹಾಗೆ. ಮಕ್ಕಳೆಲ್ಲ ಸುಮ್ಮನಾದರು.

ಆಮೇಲೆ ಆ ಹುಡುಗನ ಸರದಿ. ಅವನು ಬಿಟ್ಟಾಗ ನಾಲ್ಕು ಕಾಳು ಒಟ್ಟಿಗೇ ಬಿದ್ದವು, ಆಮೇಲೆ ಖಾಲಿ, ಮತ್ತೆ ಆರು ಕಾಳು. "ನೋಡಪಾ, ಇಲ್ಲಿ ಬೆಳಿ ಕಿಕ್ಕಿರಿತೈತಿ, ಅಲ್ಲಿ ನೆಲ ಬೋಳು" ಅಂದಳು. ಅವನು ಬಿಡಲಿಲ್ಲ. ಐದಾರು ಸಲ ಮಾಡಿದ. ಟೀಚರ್ ಕರೆದರೂ ಹೋಗಲಿಲ್ಲ. ಹಿಂದೆ ಸಾಲು ನಿಂತಿತ್ತು, "ನಂಗ್ ಒಂದ್ ಸಲ, ನಂಗ್ ಒಂದ್ ಸಲ" ಅಂತ.

ಅಲ್ಲಿ ಅದಕ್ಕಿಂತ ದೊಡ್ಡ ಆಟ ಆ ಮಕ್ಕಳಿಗೆ ಆವತ್ತು ಇರಲಿಲ್ಲ. ಇದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಈ ವಿಡಿಯೋ.

ನಾನು ಹೇಳುವುದು ಇಷ್ಟು. ನಮ್ಮ ಹಳ್ಳಿಯ ಬದುಕನ್ನು ತೋರಿಸುವ ಯಾವುದೇ ಪಾರ್ಕ್ ಇರಲಿ, ಆ ಕೆಲಸ ಕೈಯಾರೆ ಮಾಡಿದ ಒಬ್ಬರು ಅಲ್ಲಿ ಇರಬೇಕು. ಅತಿಥಿಯಾಗಿ ಅಲ್ಲ, ಸಂಬಳಕ್ಕೆ. ಟಿಕೆಟ್ ಕೊಡುವವರಿಗೆ, ಗಿಡಕ್ಕೆ ನೀರು ಹಾಕುವವರಿಗೆ ಸಂಬಳ ಕೊಡುತ್ತೇವೆ ಅಲ್ವಾ? ಬಿತ್ತುವ ಕೈ ತೋರಿಸುವವರಿಗೂ ಕೊಡಬೇಕು.

ಮೂರ್ತಿಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಅವುಗಳ ಬೆಲೆ ನನಗೆ ಆವತ್ತೇ ಗೊತ್ತಾಗಿದ್ದು. ರಾಮನಗರದ ಜಾನಪದ ಲೋಕ ನೀವು ನೋಡಿರಬಹುದು. ಎಚ್.ಎಲ್. ನಾಗೇಗೌಡರು ಕಟ್ಟಿದ್ದು, 1994ರಲ್ಲಿ ಶುರುವಾಗಿದ್ದು. ಐಎಎಸ್ ಅಧಿಕಾರಿಯಾಗಿದ್ದ ಮನುಷ್ಯ, ನಿವೃತ್ತಿಯ ನಂತರದ ಬದುಕನ್ನೇ ಅದಕ್ಕೆ ಕೊಟ್ಟರು. ಅಲ್ಲಿನ ಲೋಕಮಾತಾ ಮಂದಿರದಲ್ಲಿ ನಿಜವಾದ ಸಾಮಾನುಗಳಿವೆ. ಬೀಸುವ ಕಲ್ಲು, ಮಡಕೆ, ಯಾರೋ ನಿಜವಾಗಿ ಬಳಸಿ ಸವೆಸಿದವು. ಆ ಸವೆತ ನೋಡಿದರೆ ಎದೆ ತುಂಬಿ ಬರುತ್ತದೆ. ಆದರೆ ಬೀಸುವ ಕಲ್ಲನ್ನು ನೋಡಿದರೆ ಬೀಸುವವಳು ಹೇಗೆ ಕೂತಿದ್ದಳು ಅನ್ನುವುದು ಕಾಣುವುದಿಲ್ಲ. ಯಾವ ಕಾಲು ಚಾಚಿದ್ದಳು, ಯಾವುದು ಮಡಚಿದ್ದಳು, ಬೆನ್ನು ಎಷ್ಟು ಬಾಗಿತ್ತು? ಸೊಲಬಕ್ಕನವರ ಹಿಡಿದಿಟ್ಟಿದ್ದು ಅದನ್ನು, ಮೈಯನ್ನು. ನನ್ನ ಗೆಳತಿಯ ಕೈ ತಾನಾಗೇ ಎದ್ದಿದ್ದು ಅದಕ್ಕೇ. ಎತ್ತಿನ ನಿಲುವು ನೋಡಿ ಅವಳ ಮೈಗೆ ಕೆಲಸ ನೆನಪಾಯಿತು. ಸೊಲಬಕ್ಕನವರ ಚಿತ್ರ, ಶಿಲ್ಪದ ಜೊತೆಗೆ ದೊಡ್ಡಾಟಕ್ಕೂ, ಅಂದರೆ ನಮ್ಮ ಕಡೆಯ ಬಯಲಾಟಕ್ಕೂ ದುಡಿದವರು. ಮೈ ಹೇಗೆ ಮಾತಾಡುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 2020ರಲ್ಲಿ ಅವರು ತೀರಿಕೊಂಡರು.

ಇನ್ನೊಂದು ಬಗೆಯ ಜಾಗಗಳಿವೆ, ಅವುಗಳ ಬಗ್ಗೆ ನನಗೆ ಬೇಜಾರಿದೆ. ಒಂದು ದೊಡ್ಡ ಊರಿನ ಹೊರಗೆ ಅಂಥದ್ದೊಂದಕ್ಕೆ ಹಿಂದೆ ಹೋಗಿದ್ದೆ. ಹೆಸರು ಬೇಡ. ಗೇಟಿನಲ್ಲಿ ಒಬ್ಬ ಹುಡುಗ, ಪಂಚೆ ಉಟ್ಟು, ರುಮಾಲು ಸುತ್ತಿ, ಕೊರಳಿಗೆ ಡೊಳ್ಳು ಹಾಕಿಕೊಂಡು ನಿಂತಿದ್ದ. ಬಂದವರಿಗೆಲ್ಲ ಡೊಳ್ಳು ಬಡಿದು ಸ್ವಾಗತ. ಮಾತಾಡಿಸಿದೆ. ಬಿ.ಕಾಂ. ಓದಿದ ಹುಡುಗ. ಡೊಳ್ಳು ಯಾರೂ ಕಲಿಸಿಲ್ಲ, "ಸುಮ್ನೆ ಬಡಿ ಅಂದ್ರು ಮೇಡಂ" ಅಂದ. ಬಿಸಿಲಿನಲ್ಲಿ ಬೆವರುತ್ತಿದ್ದ. ಅವನದು ಏನೂ ತಪ್ಪಿಲ್ಲ. ಆದರೆ ಬೀರೇಶ್ವರನ ಮುಂದೆ ಡೊಳ್ಳು ಬಾರಿಸುತ್ತಾ ಬೆಳೆದವರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಅವರಲ್ಲಿ ಒಬ್ಬರನ್ನು ಕರೆದು, ಈ ಹುಡುಗನಿಗೆ ಒಂದು ತಿಂಗಳು ಕಲಿಸಿದ್ದರೆ? ಅವನ ಕೈಗೆ ಒಂದು ವಿದ್ಯೆ ಬರುತ್ತಿತ್ತು. ಬಂದವರಿಗೆ ನಿಜವಾದ ಡೊಳ್ಳು ಕೇಳುತ್ತಿತ್ತು.

ಮಜಾ ಇರಲಿ. ಮಕ್ಕಳು ಕುಣಿಯಲಿ, ಜೋಕಾಲಿ ಆಡಲಿ, ಗಿರ್ಮಿಟ್ ತಿನ್ನಲಿ. ಮಜಾ ಮಾಡಿದರೆ ಪರಂಪರೆ ಹಾಳಾಯಿತು ಅನ್ನುವವಳಲ್ಲ ನಾನು. ಜಾತ್ರೆಗಿಂತ ದೊಡ್ಡ ಮಜಾ ಎಲ್ಲಿದೆ ಹೇಳಿ? ನಾನು ಕೇಳುವುದು, ಆ ಮಜಾದೊಳಗೆ ಒಂದು ನಿಜವಾದ ಕೆಲಸ ಇರಲಿ ಅಂತ ಮಾತ್ರ.

ಗೊಟಗೋಡಿಯಂಥ ಕಡೆ ಇದು ಕಷ್ಟವೂ ಅಲ್ಲ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇದೇ ಊರಲ್ಲಿ. 2011ರಲ್ಲಿ ಶುರುವಾಗಿದ್ದು. ಜಾನಪದಕ್ಕೆ ಅಂತಲೇ ಒಂದು ವಿಶ್ವವಿದ್ಯಾಲಯ! ಜಾನಪದ ಓದುವ ಹುಡುಗ ಹುಡುಗಿಯರು ಹತ್ತಿರದಲ್ಲೇ ಇದ್ದಾರೆ. ಇದೇ ತಾಲ್ಲೂಕಿನಲ್ಲಿ ಕನಕದಾಸರ ಬಾಡ ಇದೆ, ಶರೀಫಜ್ಜನ ಶಿಶುವಿನಹಾಳ ಇದೆ. ತತ್ವಪದ ಹಾಡುವವರು ಬೇಕಾದರೆ ದೂರ ಹುಡುಕಬೇಕಾಗಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಬಿತ್ತಿದ, ನೇಯ್ದ, ಮಡಕೆ ತಟ್ಟಿದ ಹಿರಿಯರಿದ್ದಾರೆ. ಒಬ್ಬ ಅಜ್ಜಿ, ಅವರ ಪಕ್ಕ ಒಬ್ಬ ವಿದ್ಯಾರ್ಥಿ. ಅಜ್ಜಿ ತೋರಿಸಬೇಕು, ವಿದ್ಯಾರ್ಥಿ ಬೇರೆ ಊರಿನಿಂದ ಬಂದವರಿಗೆ ಬಿಡಿಸಿ ಹೇಳಬೇಕು, ರಾತ್ರಿ ರೂಮಿಗೆ ಹೋಗಿ ಬರೆದಿಡಬೇಕು. ಇಂಥದ್ದೊಂದು ಜೋಡಿ ಎಲ್ಲ ಕಡೆ ಇರಲಿ ಅಂತ ನನ್ನ ಆಸೆ.

ಇದೆಲ್ಲ ಮುಗಿದ ಕಥೆ, ಯಾಕೆ ಹಚ್ಚಿಕೊಳ್ಳುತ್ತೀರಿ ಅನ್ನುವವರೂ ಇದ್ದಾರೆ. ಅವರಿಗೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರು ಹೇಳುತ್ತೇನೆ. ರೈತರ ಕಷ್ಟ ನೋಡಿ ಹೊಸ ಕೂರಿಗೆ ಮಾಡಿದವರು, ಇನ್ನೂ ಎಷ್ಟೋ ಕೃಷಿ ಉಪಕರಣ ಮಾಡಿದವರು. 2022ರಲ್ಲಿ ಪದ್ಮಶ್ರೀ ಬಂತು. ಕೂರಿಗೆ ಸತ್ತಿಲ್ಲ, ಟ್ರ್ಯಾಕ್ಟರಿನ ಹಿಂದೆ ಹೋಗಿದೆ. ಕಾಳು ಕಾಳಿನ ನಡುವೆ ಎಷ್ಟು ಜಾಗ ಅನ್ನುವ ಲೆಕ್ಕ ಮೊದಲು ಹೆಂಗಸರ ಹೆಬ್ಬೆರಳಿನಲ್ಲಿತ್ತು, ಈಗ ಯಂತ್ರದಲ್ಲಿದೆ. ಆ ಹುಡುಗನಿಗೆ ಈ ಎರಡನ್ನೂ ಒಂದೇ ದಿನ ತೋರಿಸಿದ್ದರೆ, ಯಾರಿಗೆ ಗೊತ್ತು, ಅವನೂ ಒಂದು ದಿನ ಏನಾದರೂ ಮಾಡಿಯಾನು.

ಸರಿ, ಅಂಥ ಜೋಡಿ ಬರುವ ತನಕ ನಾವು ಏನು ಮಾಡಬಹುದು? ಹೋಗುವಾಗ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ. "ಅಲ್ಲಿ ನಡೀಬೇಕಾಗುತ್ತೆ, ನಿಮಗೆ ಕಾಲು ನೋವು" ಅಂತ ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ನಿಧಾನಕ್ಕೆ ನಡೆಯಿರಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನೀವೂ ನಿಲ್ಲಿ. ಫೋನು ತೆಗೆಯುವುದಾದರೆ ಅವರ ಮಾತು ರೆಕಾರ್ಡ್ ಮಾಡಿ. ಹೆಸರುಗಳನ್ನು ಕೇಳಿ. ಮೊದಲು ಕಳೆದು ಹೋಗುವುದು ಹೆಸರುಗಳೇ.

ನನ್ನ ಗೆಳತಿಗೂ ಹಾಗೇ ಆಯಿತು. ಕೂರಿಗೆಯ ಒಂದು ಭಾಗದ ಹೆಸರು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹೊರಗೆ ಗೇಟಿನ ಹತ್ತಿರ ಬಂದ ಮೇಲೆ ತಡೆಯಲಾರದೆ ಅವ್ವನಿಗೆ ಫೋನ್ ಮಾಡಿದಳು. ಅವ್ವ ಹೆಸರು ಹೇಳುವ ಮೊದಲು ಹತ್ತು ಪ್ರಶ್ನೆ ಕೇಳಿದರು. ಎಲ್ಲಿದ್ದೀ, ಯಾರ ಕೂಡ ಬಂದೀ, ಊಟ ಆತೇನು? ಆಮೇಲೆ ಎತ್ತಿನ ಸುದ್ದಿ ಬಂತು. ನಾನು ಪಕ್ಕದಲ್ಲೇ ಇದ್ದೆ, ಎಲ್ಲ ಕೇಳುತ್ತಿತ್ತು.

"ಅವುಕ್ಕ ಕೊಳ್ಳಾಗ ಗಂಟಿ ಕಟ್ಟ್ಯಾರೇನು?"

ಇವಳು ನನ್ನ ಮುಖ ನೋಡಿದಳು. ನಾನೂ ನೋಡಿರಲಿಲ್ಲ.

"ತಡಿಯವಾ, ನೋಡಿ ಹೇಳ್ತೀನಿ" ಅಂದವಳೇ, ಟಿಕೆಟ್ಟಿನ ಚೂರನ್ನು ಗೇಟಿನವರಿಗೆ ತೋರಿಸಿ, ಫೋನು ಕಿವಿಗೆ ಹಿಡಿದುಕೊಂಡೇ ಮತ್ತೆ ಒಳಗೆ ಹೋದಳು.