ಒಂದು ಟಬ್ ನೀರು, ಐದು ದಿನ: ಪ್ರಿಸ್ಕೂಲ್ ತರಗತಿಯ ಒಂದು ವಾರ ಹೀಗಿರಲಿ

[ತೆರೆಯ ಮೇಲೆ ಒಂದು ಟೈಮ್‌ಟೇಬಲ್: ಸೋಮವಾರ ಬಣ್ಣ, ಮಂಗಳವಾರ ಅಂಕಿ, ಬುಧವಾರ ಅಕ್ಷರ, ಗುರುವಾರ ಆಕಾರ, ಶುಕ್ರವಾರ ಹಾಡು]

ನಮಸ್ಕಾರ. ಮೂರರಿಂದ ಐದು ವರ್ಷದ ಮಕ್ಕಳ ತರಗತಿಗೆ ವಾರದ ಪ್ಲಾನ್ ಬರೆಯಿರಿ ಅಂದರೆ ಹೆಚ್ಚಿನವರು ಬರೆಯುವುದು ಇಂಥದ್ದೇ. ನೋಡೋಕೆ ಅಚ್ಚುಕಟ್ಟಾಗಿದೆ, ಪೋಷಕರಿಗೆ ತೋರಿಸೋಕೂ ಸುಲಭ. ಆದರೆ ಮಗುವಿನ ಕಡೆಯಿಂದ ನೋಡಿ. ಸೋಮವಾರ ಬಣ್ಣ ಬೆರೆಸುವುದು ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಮಂಗಳವಾರ ಬಣ್ಣದ ಡಬ್ಬಿ ಕಪಾಟು ಸೇರಿರುತ್ತೆ. ಇಷ್ಟು ಚಿಕ್ಕ ಮಕ್ಕಳು ನಿನ್ನೆ ಮುಟ್ಟಿದ್ದನ್ನೇ ಇವತ್ತು ಮತ್ತೆ ಮುಟ್ಟಬೇಕು. ಮೊದಲ ದಿನ ಬರೀ ಕುತೂಹಲ ಇರುತ್ತೆ, "ಯಾಕೆ ಹೀಗೆ?" ಅನ್ನೋದು ಹುಟ್ಟುವುದು ಆಮೇಲೆ.

ಅದಕ್ಕೇ ಇವತ್ತು ಒಂದೇ ವಿಷಯ ಹಿಡಿದು ಇಡೀ ವಾರ ಕಟ್ಟೋಣ. ವಿಷಯ: ನೀರು. ಊಟ, ನಿದ್ದೆ, ಹೊರಗಿನ ಆಟ ದಿನಾ ಇದ್ದೇ ಇರುತ್ತೆ, ಅದನ್ನು ಈ ವಿಡಿಯೋದಲ್ಲಿ ಮುಟ್ಟಲ್ಲ.

[ದೃಶ್ಯ: ಅಗಲವಾದ ಟಬ್, ಸುತ್ತ ಟವೆಲ್‌ಗಳು]

ಶುರು ಮಾಡೋಕೆ ಮುಂಚೆ ಒಂದು ಮಾತು, ಇದರಲ್ಲಿ ರಾಜಿ ಇಲ್ಲ. ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಚಿಕ್ಕ ಮಗು ಮುಳುಗಬಹುದು. ಟಬ್ಬಿನ ಪಕ್ಕ ಒಬ್ಬ ದೊಡ್ಡವರು ಇರಲೇಬೇಕು, ಬೇರೆ ಕೆಲಸ ಅವರಿಗೆ ಕೊಡಬೇಡಿ. ಆಟ ಮುಗಿದ ಕೂಡಲೇ ನೀರು ಚೆಲ್ಲಿ, ಟಬ್ ಬೋರಲು ಹಾಕಿ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುವಷ್ಟು ಸಣ್ಣ ವಸ್ತು ಯಾವುದೂ ಬೇಡ.

[ತೆರೆಯ ಮೇಲೆ: ಸೋಮವಾರ]

ಮೊದಲ ದಿನ ಯಾವುದು ತೇಲುತ್ತೆ, ಯಾವುದು ಮುಳುಗುತ್ತೆ ಅಂತ ನೋಡುವುದು. ಮರದ ದೊಡ್ಡ ತುಂಡು, ಮುಷ್ಟಿ ಗಾತ್ರದ ಕಲ್ಲು, ಸ್ಟೀಲ್ ಚಮಚ, ಸ್ಟೀಲ್ ಬಟ್ಟಲು, ಸ್ಪಾಂಜ್, ಮುಚ್ಚಳ ಹಾಕಿದ ಖಾಲಿ ಬಾಟಲಿ, ಅಂಥದ್ದೇ ಇನ್ನೊಂದು ಬಾಟಲಿಯಲ್ಲಿ ಮರಳು ತುಂಬಿ ಇಡಿ. ಸುಮ್ಮನೆ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಬೇಡಿ. ಮಕ್ಕಳ ತಲೆಯಲ್ಲಿ ಆಗಲೇ ಒಂದು ಲೆಕ್ಕಾಚಾರ ಇರುತ್ತೆ: ದೊಡ್ಡದು ಮುಳುಗುತ್ತೆ, ಚಿಕ್ಕದು ತೇಲುತ್ತೆ. ದೊಡ್ಡ ಮರದ ತುಂಡು ತೇಲಿ, ಅದಕ್ಕಿಂತ ಚಿಕ್ಕ ಕಲ್ಲು ತಳ ಸೇರಿದಾಗ ಆ ಲೆಕ್ಕಾಚಾರ ಅಲ್ಲಾಡುತ್ತೆ. ಚಮಚ ಮುಳುಗಿತು, ಅದೇ ಸ್ಟೀಲಿನ ಬಟ್ಟಲು ತೇಲಿತು ಅಂದಾಗ ಇನ್ನೂ ಅಲ್ಲಾಡುತ್ತೆ.

ಹಾಕುವ ಮುಂಚೆ ಊಹೆ ಕೇಳಿ. ಒಂದು ದೊಡ್ಡ ಹಾಳೆಯಲ್ಲಿ ಮೇಲೊಂದು ಗೆರೆ, ಕೆಳಗೊಂದು ಗೆರೆ ಎಳೆದು, ತೇಲುತ್ತೆ ಅನಿಸಿದ್ದನ್ನು ಮೇಲೆ, ಮುಳುಗುತ್ತೆ ಅನಿಸಿದ್ದನ್ನು ಕೆಳಗೆ ಮಕ್ಕಳೇ ಚಿತ್ರ ಬಿಡಿಸಲಿ. ಆಮೇಲೆ ಹಾಕಿ ನೋಡಲಿ. ಕೊನೆಗೆ ಎಲ್ಲರೂ ಕೂತು ಆ ಹಾಳೆಯನ್ನೇ ಮುಂದಿಟ್ಟುಕೊಂಡು ಏನಾಯ್ತು ಅಂತ ಮಾತಾಡಲಿ. ಏನು ಮಾಡ್ತೀಯ, ಮಾಡು, ಏನು ಮಾಡಿದೆ ಹೇಳು ಅನ್ನುವ ಈ ಮೂರು ಹಂತಗಳ ದಿನಚರಿಯನ್ನು ಅಮೆರಿಕದ ಮಿಶಿಗನ್‌ನಲ್ಲಿ 1960ರ ದಶಕದಲ್ಲಿ ಡೇವಿಡ್ ವೈಕರ್ಟ್ ಮತ್ತು ಜೊತೆಗಾರರು ರೂಪಿಸಿದರು. ಅವರ ಹೈಸ್ಕೋಪ್ ಎಂಬ ಪ್ರಿಸ್ಕೂಲ್ ಪಠ್ಯಕ್ರಮದ ಬೆನ್ನೆಲುಬು ಇವತ್ತಿಗೂ ಅದೇ.

ಸ್ಪಾಂಜ್ ಹಿಡಿದ ಮಗುವನ್ನು ಗಮನಿಸಿ. ಮೊದಲು ತೇಲುತ್ತೆ. ಅಂಗೈಯಿಂದ ಒತ್ತಿದರೆ ಗುಳ್ಳೆ ಬರುತ್ತೆ, ಬಿಟ್ಟರೆ ಮೇಲೆ ಬರುತ್ತೆ, ಆದರೆ ಮೊದಲಿನಷ್ಟು ಮೇಲಲ್ಲ. ಮತ್ತೆ ಒತ್ತುತ್ತಾಳೆ. "ಮಿಸ್, ಇದು ನೀರು ಕುಡಿದುಬಿಡ್ತು!" ಈಗ ಟೀಚರ್ ಬಾಯಿಗೆ ಸಾಂದ್ರತೆಯ ಪಾಠ ಬರಬಾರದು. "ಹೌದಾ? ಎಷ್ಟು ಕುಡಿದಿದೆ, ಹೇಗೆ ನೋಡೋದು?" ಅಂದರೆ ಸಾಕು. ಹಿಂಡಿ ನೋಡಬೇಕು ಅಂತ ಆಕೆಗೇ ಹೊಳೆಯುತ್ತೆ. ನಾಳೆಯ ಕೆಲಸ ಅಲ್ಲೇ ಸಿಕ್ಕಿತು.

[ತೆರೆಯ ಮೇಲೆ: ಮಂಗಳವಾರ. ದೃಶ್ಯ: ಚಿಕ್ಕ ಜಗ್, ಲೋಟಗಳು, ಟ್ರೇ, ಸ್ಪಾಂಜ್]

ಇವತ್ತು ಸುರಿಯುವುದು, ಹಿಂಡುವುದು, ಎಣಿಸುವುದು. ಈ ವಾರದಲ್ಲಿ ನನಗೆ ಅತಿ ಮುಖ್ಯ ಅನಿಸುವ ದಿನ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಜಗ್ಗಿನಿಂದ ಇನ್ನೊಂದಕ್ಕೆ ನೀರು ಸುರಿಯುವುದು ಮಾರಿಯಾ ಮಾಂಟೆಸ್ಸರಿ ಪದ್ಧತಿಯ ಹಳೆಯ ಅಭ್ಯಾಸ. ಅವರು 'ಮಕ್ಕಳ ಮನೆ' ಎಂಬ ತಮ್ಮ ಮೊದಲ ಶಾಲೆ ತೆರೆದದ್ದು 1907ರಲ್ಲಿ, ರೋಮ್‌ನಲ್ಲಿ. ಜಗ್ ಮಗುವಿನ ಕೈಗೆ ಒಗ್ಗುವಷ್ಟು ಚಿಕ್ಕದಿರಬೇಕು. ಮಣಿಕಟ್ಟು ಬಾಗಿಸಬೇಕು, ಕಣ್ಣು ಲೋಟದ ಅಂಚಿನ ಮೇಲಿರಬೇಕು, ತುಂಬುವ ಮೊದಲೇ ನಿಲ್ಲಿಸಬೇಕು. ಚೆಲ್ಲುತ್ತೆ. ಚೆಲ್ಲಿದ್ದನ್ನು ಸ್ಪಾಂಜಿನಿಂದ ಒರೆಸಿ ಬಟ್ಟಲಿಗೆ ಹಿಂಡುವುದೂ ಆಕ್ಟಿವಿಟಿಯೇ. ಮುಂದೆ ಪೆನ್ಸಿಲ್ ಹಿಡಿಯುವ ಕೈಗೆ ಬಲ ಬರುವುದು ಇಂಥ ಕೆಲಸದಿಂದ. ದಯವಿಟ್ಟು ಆ ಸ್ಪಾಂಜನ್ನು ಮಗುವಿನ ಕೈಯಿಂದ ಕಿತ್ತುಕೊಂಡು ನೀವೇ ಒರೆಸಬೇಡಿ.

ಈಗ ಎಣಿಕೆ. "ಈ ಜಗ್ ತುಂಬೋಕೆ ಎಷ್ಟು ಲೋಟ ನೀರು ಬೇಕು?" ಮಗು ಸುರಿಯುತ್ತಾ ಹೇಳುತ್ತೆ: ಒಂದು, ಎರಡು, ಮೂರು, ನಾಲ್ಕು. ನಾಲ್ಕು ಲೋಟಕ್ಕೆ ಜಗ್ ತುಂಬಿತು. "ಒಟ್ಟು ಎಷ್ಟು ಲೋಟ ಹಿಡಿಯಿತು?" ಅಂತ ಕೇಳಿ. ಕೆಲವು ಮಕ್ಕಳು ಥಟ್ಟನೆ "ನಾಲ್ಕು" ಅಂತಾರೆ. ಇನ್ನು ಕೆಲವರು ಉತ್ತರ ಹೇಳಲ್ಲ, ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡ್ತಾರೆ. ಇಬ್ಬರೂ ಹತ್ತರವರೆಗೆ ಬಾಯಿಪಾಠ ಹೇಳಬಲ್ಲವರೇ. ಆದರೆ ಎಣಿಕೆಯ ಕೊನೆಯ ಅಂಕಿಯೇ ಒಟ್ಟು ಸಂಖ್ಯೆ ಅನ್ನುವುದು ಎರಡನೆಯವರಿಗೆ ಇನ್ನೂ ಕೂತಿಲ್ಲ. ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ರಾಂಡಿ ಗ್ಯಾಲಿಸ್ಟೆಲ್ 1978ರಲ್ಲಿ ಎಣಿಕೆಯ ಐದು ತತ್ವಗಳನ್ನು ಬಿಡಿಸಿ ಹೇಳಿದರು. ಒಂದು ವಸ್ತುವಿಗೆ ಒಂದೇ ಅಂಕಿ, ಅಂಕಿಗಳ ಕ್ರಮ ಬದಲಾಗಬಾರದು, ಕೊನೆಯ ಅಂಕಿಯೇ ಒಟ್ಟು, ಯಾವ ವಸ್ತುವನ್ನಾದರೂ ಎಣಿಸಬಹುದು, ಯಾವ ತುದಿಯಿಂದ ಎಣಿಸಿದರೂ ಲೆಕ್ಕ ಅಷ್ಟೇ. "ನಮ್ಮ ಪುಟ್ಟನಿಗೆ ನೂರರವರೆಗೆ ಬರುತ್ತೆ" ಅಂತ ಹೆಮ್ಮೆಪಡುವ ಮನೆಯಲ್ಲಿ, "ಮೂರು ಚಮಚ ಕೊಡು" ಅಂತ ಕೇಳಿ ನೋಡಿ. ಒಂದು ಹಿಡಿ ಬಾಚಿ ಕೊಟ್ಟರೆ, ಅದು ದಡ್ಡತನ ಅಲ್ಲ. ಬಾಯಿಪಾಠ ಬಂದಿದೆ, ಮೂರು ಅಂದರೆ ಎಷ್ಟು ಅನ್ನೋದು ಇನ್ನು ಬರಬೇಕು. ಅದು ಬರುವುದು ಹೀಗೆ ಕೈಯಲ್ಲಿ ಎತ್ತಿ, ಸುರಿದು, ಕೊಟ್ಟು, ತಗೊಂಡು. ವರ್ಕ್‌ಶೀಟಿನಲ್ಲಿ ಮೂರನ್ನು ಸಾಲುಸಾಲು ತಿದ್ದಿಸಿದರೆ ಬರಲ್ಲ.

[ದೃಶ್ಯ: ಒಂದೇ ಅಳತೆಯ ಎರಡು ಲೋಟ, ಪಕ್ಕದಲ್ಲಿ ಸಪೂರವಾದ ಎತ್ತರದ ಲೋಟ]

ಇದೇ ಟ್ರೇಯಲ್ಲಿ ಇನ್ನೊಂದು ಬೆರಗು ಇದೆ. ಎರಡು ಲೋಟದಲ್ಲಿ ಸಮ ಸಮ ನೀರು. "ಎರಡರಲ್ಲೂ ಒಂದೇ ಅಷ್ಟಿದೆಯಾ?" "ಹೂಂ." ಒಂದನ್ನು ಮಗುವಿನ ಕಣ್ಣೆದುರೇ ಎತ್ತರದ ಲೋಟಕ್ಕೆ ಸುರಿಯಿರಿ. "ಈಗ?" "ಇದರಲ್ಲಿ ಜಾಸ್ತಿ!" ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆಯ ಈ ಪ್ರಯೋಗ ಬಹಳ ಹೆಸರಾದದ್ದು. ಆರೇಳು ವರ್ಷದವರೆಗೂ ಎಷ್ಟೋ ಮಕ್ಕಳು ಹೀಗೇ ಹೇಳುತ್ತಾರೆ, ಯಾಕೆಂದರೆ ಎತ್ತರ ಕಣ್ಣಿಗೆ ಹೊಡೆಯುತ್ತೆ, ಅಗಲ ಕಡಿಮೆಯಾದದ್ದು ಲೆಕ್ಕಕ್ಕೆ ಬರಲ್ಲ. ತಪ್ಪು ಅಂತ ತಿದ್ದಲು ಹೋಗಬೇಡಿ. ತಿದ್ದಿದರೆ ನಿಮ್ಮ ಉತ್ತರವನ್ನು ಉರು ಹೊಡೆಯುತ್ತೆ, ನಂಬಿಕೆ ಬದಲಾಗಲ್ಲ. ವಾಪಸ್ ಸುರಿಯಲು ಬಿಡಿ. ನಾಳೆಯೂ, ನಾಡಿದ್ದೂ ಟ್ರೇ ಅಲ್ಲೇ ಇರಲಿ.

[ತೆರೆಯ ಮೇಲೆ: ಬುಧವಾರ]

ಕಥೆಯ ದಿನ. ಮಳೆ, ನದಿ, ದೋಣಿ, ಯಾವುದಾದರೂ ಸರಿ, ಚಿತ್ರ ದೊಡ್ಡದಾಗಿರುವ ಪುಸ್ತಕ ಬೇಕು. ಓದಿ ಮುಗಿಸುವ ಅವಸರ ಬೇಡ. ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪುಸ್ತಕ ಓದುವಾಗ ಮಗುವನ್ನೇ ಮಾತಾಡಿಸಿದ, ಮಗು ಹೇಳಿದ್ದಕ್ಕೆ ಇನ್ನಷ್ಟು ಸೇರಿಸಿ ಮರಳಿ ಹೇಳಿದ ಮನೆಗಳ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದಿದ್ದರು. ಹೋಲಿಕೆಗೆ ತೆಗೆದುಕೊಂಡ ಮನೆಗಳಲ್ಲೂ ಪುಸ್ತಕ ಓದುತ್ತಲೇ ಇದ್ದರು, ಓದುವ ರೀತಿ ಮಾತ್ರ ಬೇರೆ.

ಮಗು "ದೋಣಿ" ಅಂದರೆ, "ಹೌದು, ತೂತು ಬಿದ್ದ ದೋಣಿ. ಈಗ ಏನಾಗಬಹುದು?" ಅನ್ನಿ. ಸೋಮವಾರದ ಬಟ್ಟಲು ಅವರಿಗೆ ತಾನಾಗಿಯೇ ನೆನಪಾಗುತ್ತೆ. ತೇಲು, ಮುಳುಗು, ಹನಿ, ತುಂಬು, ಚೆಲ್ಲು ಎಂಬ ಮಾತುಗಳು ಎರಡು ದಿನದಿಂದ ಕೈಯಲ್ಲಿ ಆಡಿದವು. ಇವತ್ತು ಕಥೆಯಲ್ಲಿ ಬಂದಾಗ ಅರ್ಥ ಹೇಳಿಕೊಡುವ ಕೆಲಸವೇ ಇಲ್ಲ. ಆಮೇಲೆ ಚಪ್ಪಾಳೆ ಆಟ: ದೋ-ಣಿ, ಎರಡು ಚಪ್ಪಾಳೆ. ನೀ-ರು, ಎರಡು. ಮು-ಳು-ಗು, ಮೂರು. ಕಣ್ಣು, ಹಣ್ಣು, ಮಣ್ಣು ಅಂತ ಪ್ರಾಸ ಹಿಡಿಯಲಿ. ಪದವನ್ನು ಕಿವಿಯಲ್ಲಿ ಬಿಡಿಸಿಕೊಳ್ಳಲು ಬಂದ ಮಗುವಿಗೆ ಆಮೇಲೆ ಅಕ್ಷರ ಕಲಿಯುವುದು ಹಗುರ.

[ತೆರೆಯ ಮೇಲೆ: ಗುರುವಾರ. ದೃಶ್ಯ: ಸಾಲಾಗಿ ಇಟ್ಟ ಕುರ್ಚಿಗಳು, ಮರದ ಬ್ಲಾಕ್‌ಗಳು]

ಕಥೆಯ ದೋಣಿ ಇವತ್ತು ತರಗತಿಯೊಳಗೆ ಬರಲಿ. ಕುರ್ಚಿ, ಬ್ಲಾಕ್, ಹಳೆಯ ಬೆಡ್‌ಶೀಟ್ ಕೊಟ್ಟು ಹಿಂದೆ ಸರಿಯಿರಿ. ಮೊದಲ ಜಗಳ ಗ್ಯಾರಂಟಿ: ಕ್ಯಾಪ್ಟನ್ ಯಾರು? ಕೂಡಲೇ ತೀರ್ಪು ಕೊಡಬೇಡಿ. ಹೊಡೆದಾಟಕ್ಕೆ ಹೋಗದಿದ್ದರೆ ಒಂದೆರಡು ನಿಮಿಷ ಕಾಯಿರಿ. ಆಗದಿದ್ದರೆ ನೀವೇ ಪ್ರಯಾಣಿಕರಾಗಿ ಹೋಗಿ, "ಟಿಕೆಟ್ ಯಾರ ಹತ್ತಿರ ತಗೋಬೇಕು?" ಅಂತ ಕೇಳಿ. ಹೊಸ ಪಾತ್ರ ಹುಟ್ಟಿತು, ಜಗಳ ಕರಗಿತು. ಟಿಕೆಟ್ ಮೇಲೆ ಗೀಚುವ ಗೆರೆಗಳನ್ನು ಎತ್ತಿಡಿ, ಮಗು ಅದನ್ನು ಬರವಣಿಗೆ ಅಂದುಕೊಂಡೇ ಬರೆದಿರುತ್ತೆ.

ಇಂಥ ಆಟದಲ್ಲಿ ಮಕ್ಕಳು ತಮ್ಮನ್ನು ತಾವೇ ಹಿಡಿತದಲ್ಲಿಟ್ಟುಕೊಳ್ಳುವುದನ್ನು ಕಲಿಯುತ್ತಾರೆ. ಸೋವಿಯತ್ ಮನೋವಿಜ್ಞಾನಿ ಮನುಯ್ಲೆಂಕೊ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮ್ಮನೆ ಅಲ್ಲಾಡದೆ ನಿಲ್ಲು ಅಂದಾಗ ಬೇಗ ಕದಲುತ್ತಿದ್ದ ಮಕ್ಕಳು, ಕಾವಲುಗಾರನ ಪಾತ್ರ ಕೊಟ್ಟಾಗ ಹೆಚ್ಚು ಹೊತ್ತು ನಿಂತರು. "ಸುಮ್ನೆ ಕೂತ್ಕೊಳ್ಳಿ" ಅಂತ ದಿನವಿಡೀ ಗಂಟಲು ಹರಿದುಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರುವ ಮಾತು.

[ತೆರೆಯ ಮೇಲೆ: ಶುಕ್ರವಾರ]

ಬಿಸಿಲಿದ್ದರೆ ಅಂಗಳಕ್ಕೆ ಹೋಗಿ. ಗಟ್ಟಿ ನೆಲದ ಮೇಲೆ ನೀರು ಚೆಲ್ಲಿ, ಅದರ ಸುತ್ತ ಸೀಮೆಸುಣ್ಣದ ಗೆರೆ. ಆಗಾಗ ಬಂದು ಹೊಸ ಗೆರೆ ಎಳೆಯಲಿ, ಒಳಗೊಳಗೆ ಸಣ್ಣದಾಗುತ್ತಾ ಹೋಗುವುದನ್ನು ನೋಡಲಿ. ನೀರು ಎಲ್ಲಿಗೆ ಹೋಯಿತು ಅಂತ ಮಕ್ಕಳು ಹೇಳಿದ್ದನ್ನು ಅವರದ್ದೇ ಮಾತಿನಲ್ಲಿ ಬರೆದುಕೊಳ್ಳಿ.

[ದೃಶ್ಯ: ಟೀಚರ್ ನೋಟ್‌ಬುಕ್]

ಮಕ್ಕಳು ಮನೆಗೆ ಹೋದ ಮೇಲೆ ಈ ನೋಟ್‌ಬುಕ್ ತೆಗೆಯಿರಿ. ಒಬ್ಬೊಬ್ಬ ಮಗುವಿಗೆ ಒಂದೆರಡು ಸಾಲು ಸಾಕು. "ಚೆನ್ನಾಗಿ ಆಡಿದ" ಅಂತ ಬರೆದರೆ ಪ್ರಯೋಜನ ಇಲ್ಲ. "ನಾಲ್ಕು ಲೋಟ ಸುರಿದು ಎಣಿಸಿದ, ಒಟ್ಟು ಎಷ್ಟು ಅಂದಾಗ ಮತ್ತೆ ಒಂದರಿಂದ ಶುರು ಮಾಡಿದ" ಅಂತ ಬರೆದರೆ ಮುಂದಿನ ವಾರ ಅವನ ಜೊತೆ ಏನು ಮಾಡಬೇಕು ಅಂತ ಗೊತ್ತಾಗುತ್ತೆ. ದೋಣಿ ಆಟದಲ್ಲಿ ಸೇರದೆ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಹುಡುಗಿಯ ಬಗ್ಗೆಯೂ ಬರೆಯಿರಿ. ಅಮೆರಿಕದ ಸಂಶೋಧಕಿ ಮಿಲ್‌ಡ್ರೆಡ್ ಪಾರ್ಟನ್ 1932ರಲ್ಲಿ ಮಕ್ಕಳ ಆಟದ ಬಗೆಗಳನ್ನು ವಿಂಗಡಿಸಿದಾಗ, ಇತರರ ಆಟ ನೋಡುತ್ತಾ ನಿಲ್ಲುವುದನ್ನೂ ಅದರಲ್ಲಿ ಸೇರಿಸಿದ್ದರು. ಆಕೆಯನ್ನು ಕೈಹಿಡಿದು ಎಳೆಯುವುದು ಬೇಡ. ಮುಂದಿನ ಸೋಮವಾರ ದೋಣಿ ಬಿಚ್ಚಬೇಡಿ, ಟಿಕೆಟ್ ಕೊಡುವ ಮೇಜನ್ನು ಬಾಗಿಲ ಪಕ್ಕಕ್ಕೆ ತನ್ನಿ, ಅಲ್ಲಿ ಎರಡು ಕುರ್ಚಿ ಹಾಕಿ.