ಕವೆಗೋಲು ತಲೆಕೆಳಗಾದರೆ

ಕೇಳುಗರಿಗೆ ನಮಸ್ಕಾರ.

ಗೊನೆಯ ಭಾರಕ್ಕೆ ಬಾಳೆಗಿಡ ವಾಲಿದರೆ ಒಂದು ಕವೆಗೋಲು ತಂದು ಆನಿಸುತ್ತೇವೆ. ಬುಡ ನೆಲಕ್ಕೆ, ಕವೆ ಮೇಲಕ್ಕೆ. ಉಲ್ಟಾ ನಿಲ್ಲಿಸಿದರೆ ಗೊನೆ ಮಣ್ಣುಪಾಲು, ಅಲ್ವಾ?

ನಮ್ಮ ರಕ್ತದಲ್ಲಿದ್ದು ರೋಗಾಣುಗಳಂಥ ಹೊರಗಿನವನ್ನು ಹಿಡಿಯುವ ಪ್ರೋಟೀನು ಆ್ಯಂಟಿಬಾಡಿ, ಅಂದರೆ ಪ್ರತಿಕಾಯ, ಥೇಟ್ ಇಂಥದ್ದೇ ಕವೆಗೋಲು. ಉದ್ದ ಸುಮಾರು 10ರಿಂದ 15 ನ್ಯಾನೋಮೀಟರ್; ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಗುರಿಯನ್ನು ಹಿಡಿಯುವುದು ಎರಡು ಕವಲುಗಳ ತುದಿ.

ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ರೆಗ್ನೆನ್ಸಿ ಕಿಟ್ ನೋಡಿರುತ್ತೀರಿ. ಎರಡನೇ ಗೆರೆ ಮೂಡಿದರೆ ಕೆಲವರಿಗೆ ಸಿಹಿ, ಕೆಲವರಿಗೆ ಗಾಬರಿ. ಆ ಗೆರೆಯ ಜಾಗದಲ್ಲಿ ಮೊದಲೇ ಆ್ಯಂಟಿಬಾಡಿಗಳನ್ನು ಅಂಟಿಸಿಟ್ಟಿರುತ್ತಾರೆ. ಬಸುರಾದಾಗ ಮೂತ್ರದಲ್ಲಿ ಕಾಣಿಸಿಕೊಳ್ಳುವ ಎಚ್‌ಸಿಜಿ ಅನ್ನೋ ಹಾರ್ಮೋನನ್ನು ಅವು ಹಿಡಿಯಬೇಕು. ಆದರೆ ಅಂಟುವಾಗಲೇ ಕವೆ ಕೆಳಗಾಗಿ ಬಿದ್ದರೆ? ಅಡ್ಡಡ್ಡ ಮಲಗಿಬಿಟ್ಟರೆ? ಇದ್ದೂ ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ.

ಇಷ್ಟು ಚಿಕ್ಕದನ್ನು ಕೈಯಲ್ಲಿ ಹಿಡಿದು ನಿಲ್ಲಿಸೋಕಾಗಲ್ಲ. ವಿದ್ಯುತ್ ಚಾರ್ಜಿನಿಂದ ಪುಸಲಾಯಿಸಬಹುದು. ಆ್ಯಂಟಿಬಾಡಿಯ ಮೈತುಂಬ ಪ್ಲಸ್, ಮೈನಸ್ ಚಾರ್ಜುಗಳಿವೆ. ಹಂಚಿಕೆ ಮಾತ್ರ ಸಮವಾಗಿಲ್ಲ. ಕೆಲವು ಜಾತಿಗಳಲ್ಲಿ ಕವಲಿನ ಕಡೆ ಪ್ಲಸ್ ಜಾಸ್ತಿ, ಬುಡದ ಕಡೆ ಮೈನಸ್ ಜಾಸ್ತಿ. ಅಂಥದ್ದನ್ನು ಪ್ಲಸ್ ಚಾರ್ಜಿನ ಮೇಲ್ಮೈ ಹತ್ತಿರ ಬಿಟ್ಟರೆ ಬುಡವೇ ಸೆಳೆತಕ್ಕೆ ಸಿಕ್ಕು ಕೆಳಗೆ ಕೂರುತ್ತದೆ. 2003ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಎಚ್‌ಸಿಜಿ ಹಿಡಿಯುವ ಇಲಿಯ ಆ್ಯಂಟಿಬಾಡಿಯನ್ನೇ ಹೀಗೆ ಕೂರಿಸಿ ನೋಡಿದರು. ಪ್ಲಸ್ ಮೇಲ್ಮೈಯಲ್ಲಿ ಕೂತವು ಮೈನಸ್ ಮೇಲ್ಮೈಯಲ್ಲಿ ಕೂತವಕ್ಕಿಂತ ತಲೆಗೆ ಜಾಸ್ತಿ ಹಾರ್ಮೋನ್ ಹಿಡಿದವು.

ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತೇವೆ. ಈ ಅಡುಗೆಯಲ್ಲಿ ಉಪ್ಪೇ ತಂಟೆ. ಕರಗಿದ ಉಪ್ಪಿನ ಕಣಗಳು ಮೇಲ್ಮೈಯನ್ನು ಮುತ್ತಿಕೊಂಡು ಅದರ ಚಾರ್ಜನ್ನು ಮರೆಮಾಡುತ್ತವೆ. ರಕ್ತದಲ್ಲಿರುವಷ್ಟು ಉಪ್ಪಿದ್ದರೆ ಸೆಳೆತ 1 ನ್ಯಾನೋಮೀಟರ್ ದಾಟುವುದರೊಳಗೇ ಸೊರಗುತ್ತದೆ. ಅದರ 150ರಲ್ಲಿ ಒಂದು ಪಾಲು ಉಪ್ಪಿದ್ದರೆ 10 ನ್ಯಾನೋಮೀಟರ್ ತನಕ ಚಾಚುತ್ತದೆ. ಹೆಚ್ಚುಕಡಿಮೆ ಇಡೀ ಕವೆಗೋಲಿನ ಉದ್ದ ನೋಡಿ! ಆಗ ಬುಡ ಯಾವುದು, ಕವೆ ಯಾವುದು ಅಂತ ದೂರದಿಂದಲೇ ಗುರುತು ಸಿಕ್ಕ ಹಾಗೆ. ಉಪ್ಪು ಜಾಸ್ತಿಯಾದರೆ ಆ ಗುರುತು ಮಾಸುತ್ತದೆ. ಮೈಯ ಯಾವ ಭಾಗ ಮೊದಲು ತಾಗಿತೋ ಅಲ್ಲೇ ಅಂಟಿ, ಸುಮ್ನೆ ಮಲಗಿಬಿಡುತ್ತದೆ.

ಎಲ್ಲ ಆ್ಯಂಟಿಬಾಡಿಗಳೂ ಒಂದೇ ಮಾತು ಕೇಳುವುದಿಲ್ಲ. ಇನ್ನೊಂದು ಜಾತಿಯಲ್ಲಿ ಹಂಚಿಕೆಯೇ ಬೇರೆ. ದ್ರಾವಣ ಕೊಂಚ ಹುಳಿಯಾದರೂ ಮೈಮೇಲಿನ ಚಾರ್ಜಿನ ಲೆಕ್ಕ ಬದಲಾಗುತ್ತದೆ. ಹಾಗಾಗಿ ಒಂದು ಆ್ಯಂಟಿಬಾಡಿಗೆ ಕೂಡಿಬಂದ ಪಾಕ ಇನ್ನೊಂದಕ್ಕೆ ಕೂಡಿಬರುತ್ತದೆ ಅನ್ನೋ ಹಾಗಿಲ್ಲ. ಪ್ರತಿ ಸಲವೂ ಉಪ್ಪು, ಹುಳಿ ಹೊಸದಾಗಿ ನೋಡಿಯೇ ಕೂರಿಸಬೇಕು.

ನಮಸ್ಕಾರ.